ಎಂಟಕ್ಕೂ ಹಚ್ಚಿದ್ದರು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕಿಟಕಿಯ ಗಾಜು ಒಡೆದಿರಲಿ, ಬೋರ್ಡಿನ ಮೇಲೆ ನನ್ನದೇ ಚಿತ್ರ ಬರೆದಿರಲಿ, ತರಗತಿಗೆ ಕಾಲಿಟ್ಟ ಕೂಡಲೇ ನಾನು ಕೇಳುತ್ತಿದ್ದದ್ದು ಒಂದೇ ಮಾತು: "ಯಾರು ಮಾಡಿದ್ದು? ಎದ್ದು ನಿಂತ್ಕೊಳ್ಳಿ." ತಾನಾಗಿ ಎದ್ದು ನಿಂತವರಿಗೆ ಬೈಗುಳ ಮಾತ್ರ. ಬಾಯಿ ಮುಚ್ಚಿಕೊಂಡು ಕೂತಿದ್ದು ಆಮೇಲೆ ಸಿಕ್ಕಿಬಿದ್ದವರಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಸುಳ್ಳು ಹೇಳುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಓದುವಾಗ ನಿಮಗೆ ನೆನಪಿರಲಿ.

ನನ್ನ ಹತ್ತಿರ ಒಂದು ಹಳೇ ಅಂಬಾಸಿಡರ್ ಕಾರಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆಗ ಸಿದ್ಧಾರ್ಥನಗರದ ನಮ್ಮ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದ ಹೆಂಗಸು ನಾನೊಬ್ಬಳೇ. ಆ ಜಂಬ ರಿಟೈರ್ ಆದ ಮೇಲೂ ಇಳಿದಿಲ್ಲ. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವುದಷ್ಟೇ ಅವರ ಕೆಲಸ. ಕಾರು ನನ್ನದು, ಅದರ ಉಸಾಬರಿಯೂ ನನ್ನದೇ.

ಆ ಕಾರನ್ನು ಶುರುವಿನಿಂದಲೂ ನೋಡಿಕೊಂಡವರು ಉದಯಗಿರಿಯ ಒಬ್ಬ ಮೆಕ್ಯಾನಿಕ್. ಹತ್ತಿರದ ಹಳ್ಳಿಯ ಬೇಸಾಯಗಾರರ ಮನೆಯಿಂದ ಬಂದು, ನೇಗಿಲು ಬಿಟ್ಟು ಪಾನಾ, ಅಂದರೆ ಸ್ಪ್ಯಾನರು, ಹಿಡಿದವರು. ನಾನು ಅವರನ್ನು ಮೇಸ್ತ್ರಿ ಅನ್ನುತ್ತೇನೆ, ಅವರು ನನ್ನನ್ನು ಟೀಚ್ರಮ್ಮ ಅನ್ನುತ್ತಾರೆ. ಒಂದೇ ಶಟರಿನ ಅಂಗಡಿ, ಅದರ ಹಿಂದಿನ ಗಲ್ಲಿಯಲ್ಲೇ ಮನೆ. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿಕೊಂಡರೆ ರೋಗ ಏನು ಅಂತ ಹೇಳಿಬಿಡುತ್ತಿದ್ದರು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು.

ಎರಡು ವರ್ಷದ ಹಿಂದೆ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಅದಕ್ಕೆ ಮುಂಚೆ, ಕಣ್ಣು ಮಂಜಾಗಿದ್ದ ದಿನಗಳಲ್ಲಿ, ಯಾರದೋ ಕಾರಿನ ಬ್ರೇಕ್ ಪೈಪಿನ ನಟ್ಟನ್ನು ಸಡಿಲ ಬಿಟ್ಟಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅವರ ಹೆಂಡತಿ ಆವತ್ತಿನಿಂದ ಹೆದರಿಬಿಟ್ಟಿದ್ದರು. ಅಂಗಡಿ ಮುಚ್ಚಿಬಿಡಿ ಅಂತ ದಿನಾ ಹಟ. ಮೇಸ್ತ್ರಿ ಕೇಳಬೇಕಲ್ಲ. ಆಪರೇಷನ್ ಆಗಿ ಕೆಲವು ತಿಂಗಳಿಗೆ ನನ್ನ ಕಾರು ನೀಲಿ ಹೊಗೆ ಬಿಡುತ್ತಾ, ಹತ್ತುವ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಅವರ ಅಂಗಡಿ ಮುಂದೆ ನಿಂತಿತು. ಇಂಜಿನ್ ಪೂರ್ತಿ ಬಿಚ್ಚಬೇಕು ಅಂದರು ಮೇಸ್ತ್ರಿ. ಅವರ ಹೆಂಡತಿ ನನಗೆ ಕಾಫಿ ಕೊಡುತ್ತಾ, ನನ್ನ ಎದುರಿಗೇ ಗಂಡನಿಗೆ ಹೇಳಿದರು:

"ಟೀಚ್ರಮ್ಮನೇ ಸಾಕ್ಷಿ. ಇದೊಂದ್ ಇಂಜಿನ್ ನೆಟ್ಟಗೆ ಕಟ್ಟುದ್ರೆ ನಾನಿನ್ನು ಬಾಯ್ ಬುಡಕಿಲ್ಲ. ಕೆಟ್ಟೋದ್ರೆ ಅಂಗಡಿ ಬಾಗ್ಲು ಹಾಕ್ಬೇಕು."

ಮೇಸ್ತ್ರಿ ಆಯ್ತು ಅಂದರು. ನಾನೂ ನಕ್ಕು, ಆಯ್ತು ಸಾಕ್ಷಿ ಅಂದೆ.

ಅಷ್ಟು ದಿನ ಕಾರು ನಿಲ್ಲಿಸಲು ಅಂಗಡಿಯಲ್ಲಿ ಜಾಗವಿಲ್ಲ ಅಂತ, ಇಂಜಿನ್ನನ್ನು ನಮ್ಮ ಮನೆಯ ಪೋರ್ಟಿಕೋದಲ್ಲೇ ಚೈನು ಕಟ್ಟಿ ಎತ್ತಿ, ಗೂಡ್ಸ್ ಆಟೋದಲ್ಲಿ ಉದಯಗಿರಿಗೆ ಸಾಗಿಸಿದರು. ಬಿಚ್ಚಿ ನೋಡಿದರೆ ಒಳಗೆ ಬೇಕಾದಷ್ಟು ಸವೆದಿತ್ತು, ಕ್ಯಾಮ್ ಶಾಫ್ಟಂತೂ ಕೆಲಸಕ್ಕೇ ಬಾರದ ಹಾಗಿತ್ತು. ಕ್ಯಾಮ್ ಶಾಫ್ಟ್ ಅಂದರೆ ಇಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಮೊಳದುದ್ದದ ಸರಳು. ಅದರ ಮೇಲೆ ಮೊಟ್ಟೆಯಾಕಾರದ ಎಂಟು ಉಬ್ಬುಗಳು. ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಎತ್ತಿ ಇಳಿಸುತ್ತದೆ. ಮೇಸ್ತ್ರಿ ಎಲ್ಲೆಲ್ಲೋ ವಿಚಾರಿಸಿ ಹೊಸದೊಂದನ್ನು ತರಿಸಿದರು.

ಅದನ್ನು ಒಳಗೆ ಕೂರಿಸಿದ ದಿನ ನಾನು ಅಂಗಡಿಯಲ್ಲೇ ಇದ್ದೆ. ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದೆ. ಮೊದಲ ಸಲ ತಿರುಗುವಾಗ ಉಬ್ಬು ಸವೆಯದಿರಲಿ ಅಂತ, ಕರ್ರಗಿನ ಗ್ರೀಸನ್ನು ತೋರುಬೆರಳಿಗೆ ತೆಗೆದುಕೊಂಡು, ಒಂದು, ಎರಡು, ಮೂರು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಪ್ರತಿ ಉಬ್ಬಿಗೂ ಹಚ್ಚಿದರು. ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ಒಂದನ್ನೂ ಬಿಡಲಿಲ್ಲ. ಎಣಿಸುವುದು ನನ್ನ ಕಸುಬು. ಅವರ ಜೊತೆ ನಾನೂ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದ್ದೆ.

ಇಂಜಿನ್ ವಾಪಸ್ ನಮ್ಮ ಮನೆಗೆ ಬಂದು ಕಾರಿನೊಳಗೆ ಕೂತದ್ದು ಆಯುಧಪೂಜೆಯ ಹಿಂದಿನ ಸಂಜೆ. ಎಣ್ಣೆ, ನೀರು, ವೈರು ಎಲ್ಲ ಮುಗಿದಿತ್ತು, ಸ್ಟಾರ್ಟ್ ಮಾಡುವುದೊಂದು ಬಾಕಿ. ಅಷ್ಟು ಹೊತ್ತಿಗೆ ಪೆಟ್ರೋಲ್ ಪೈಪೊಂದು ಸೋರಲು ಶುರುವಾಗಿ, ಅದನ್ನು ಸರಿಮಾಡುವುದರಲ್ಲೇ ಕತ್ತಲಾಯಿತು. ಮಾರನೇ ದಿನ ಮೇಸ್ತ್ರಿ ಪಾನಾ ಮುಟ್ಟುವ ಹಾಗಿಲ್ಲ. ಆಯುಧಪೂಜೆಯ ದಿನ ಅವರ ಸಾಮಾನೆಲ್ಲ ತೊಳೆದು, ಎಣ್ಣೆ ಒರೆಸಿ, ಕುಂಕುಮ ಇಟ್ಟುಕೊಂಡು ದೇವರ ಮುಂದೆ ಮಲಗಿರಬೇಕು. ಮತ್ತೆ ಎತ್ತುವುದು ವಿಜಯದಶಮಿಯ ಬೆಳಿಗ್ಗೆಯೇ. ಆ ವರ್ಷ ಮೊದಲು ಎತ್ತುವುದು ನನ್ನ ಕಾರಿಗೇ ಅಂತ ಅವರಾಗಿಯೇ ಹೇಳಿದರು. ಬ್ಯಾಟರಿಯ ವೈರು ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ, ನನ್ನ ಕಡೆ ತಿರುಗಿದರು.

"ಹೊಸಾ ಕ್ಯಾಮು ಇನ್ನೂ ಹಸೀದು ಟೀಚ್ರಮ್ಮ. ಸ್ಟಾರ್ಟ್ ಆಗಿದ್ ತಕ್ಷಣ ರೇಸ್ ಕೊಟ್ಟು ಇಪ್ಪತ್ ನಿಮಿಷ ಅಂಗೇ ಇಡೀಬೇಕು. ಸ್ಲೋನಲ್ಲಿ ಬುಟ್ರೆ ಎಣ್ಣೆ ಎರಚಕಿಲ್ಲ, ಉಬ್ಬು ತಿಂದೋಯ್ತದೆ. ನಾನ್ ಬರೋಗಂಟ ಕೀ ಮುಟ್ಬೇಡಿ."

ಹೊರಡುವಾಗ ಸಾಮಾನು ಪೆಟ್ಟಿಗೆಗೆ ಜೋಡಿಸುತ್ತಾ, ಹತ್ತು-ಹನ್ನೊಂದರ ಅಳತೆಯ ಪಾನಾ ಒಂದು ಕಾಣಿಸುತ್ತಿಲ್ಲ ಅಂತ ಟಾರ್ಚ್ ಹಾಕಿ ಹುಡುಕಿದರು. ಪೂಜೆಗೆ ಒಂದು ಕಡಿಮೆಯಾಯಿತಲ್ಲ ಅಂತ ಪೇಚಾಡಿಕೊಂಡೇ ಹೋದರು.

ಈಗ ನನ್ನ ಘನಂದಾರಿ ಕೆಲಸ ಕೇಳಿ. ಅದರ ಹಿಂದಿನ ವರ್ಷ ಆಯುಧಪೂಜೆಯ ದಿನ ನಮ್ಮ ಕಾರು ಸ್ಟಾರ್ಟೇ ಆಗಿರಲಿಲ್ಲ. ರಸ್ತೆಯಲ್ಲಿ ಎಲ್ಲರೂ ಅವರವರ ಗಾಡಿ ಸ್ಟಾರ್ಟ್ ಮಾಡಿ, ಚಕ್ರದ ಕೆಳಗಿನ ನಿಂಬೆಹಣ್ಣು ಹಿಂಡಿ, ಹಾರ್ನ್ ಹೊಡೆದು ಗದ್ದಲ ಎಬ್ಬಿಸುತ್ತಿದ್ದರೆ ನಾವಿಬ್ಬರು ಮುದುಕರು ಕಾರನ್ನು ತಳ್ಳಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದೆವು. ಎದುರು ಮನೆಯವರು ಕೈಕೊಡಲು ಬಂದವರು ಸುಮ್ಮನಿರದೆ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಮೇಡಂ ಅಂದಿದ್ದರು. ಆ ಮಾತನ್ನು ನಾನು ವರ್ಷವಿಡೀ ಮರೆತಿರಲಿಲ್ಲ. ಈ ವರ್ಷ ಅವರಿಗೆ ನನ್ನ ಇಂಜಿನ್ನಿನ ಸದ್ದು ಕೇಳಿಸಲೇಬೇಕು ಅಂತ ನನಗೆ ಹಟ. ದೇವರಾಜ ಮಾರ್ಕೆಟ್ಟಿಗೆ ಹೋಗಿ ದೊಡ್ಡ ಸೇವಂತಿಗೆ ಹಾರ ತಂದಿದ್ದೆ, ಬಾಳೆಕಂದು ಕಟ್ಟಿದ್ದೆ. ಇಷ್ಟೆಲ್ಲ ಮಾಡಿ ಮತ್ತೆ ತಳ್ಳುವುದೇ?

ಬೆಳಿಗ್ಗೆ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವಾಗ ಬ್ಯಾಟರಿಯ ಪಕ್ಕದ ಸಂದಿಯಲ್ಲಿ ಏನೋ ಹೊಳೆಯಿತು. ಕೈ ಹಾಕಿ ತೆಗೆದರೆ ಮೇಸ್ತ್ರಿಯ ಹತ್ತು-ಹನ್ನೊಂದರ ಪಾನಾ. ಅದು ಸಿಗದೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಪೂಜೆಯ ದಿನ ಮುಟ್ಟಬಾರದ ಆ ಪಾನಾದಿಂದಲೇ ಬ್ಯಾಟರಿಯ ವೈರು ಬಿಗಿದೆ. ಮೇಸ್ತ್ರಿ ಬೇಡ ಅಂದಿದ್ದಾರಲ್ಲ ಅಂದರು ಯಜಮಾನರು. ಪೂಜೆಗೆ ಹತ್ತು ನಿಮಿಷ, ಅಷ್ಟಕ್ಕೆ ಏನೂ ಆಗಲ್ಲ, ನೀವು ಕರ್ಪೂರ ಹಚ್ಚಿ ಅಂತ ಅವರ ಬಾಯಿ ಮುಚ್ಚಿಸಿದೆ.

ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅಬ್ಬಾ, ಎಷ್ಟು ಮೆತ್ತಗಿನ ಸದ್ದು! ರೇಸ್ ಕೊಡಬೇಕು ಅನ್ನುವುದು ನನಗೆ ಮರೆತಿರಲಿಲ್ಲ. ಆದರೆ ಯಜಮಾನರು ಮಂಗಳಾರತಿ ಎತ್ತುತ್ತಿರುವಾಗ ಗಾಡಿಯನ್ನು ಅರಚಾಡಿಸುವುದು ಹೇಗೆ? ಮೆತ್ತಗೇ ಬಿಟ್ಟೆ. ಕುಂಬಳಕಾಯಿ ಒಡೆದದ್ದಾಯಿತು, ಒಂದಡಿ ಮುಂದಕ್ಕೆ ಒಂದಡಿ ಹಿಂದಕ್ಕೆ ಹೋಗಿ ನಿಂಬೆಹಣ್ಣು ಹಿಂಡಿದ್ದಾಯಿತು. ಎದುರು ಮನೆಯವರೇ ಬಂದು, ಏನ್ ಮೇಡಂ ಹೊಸಾ ಗಾಡಿ ಆಗೋಯ್ತಲ್ಲ ಅಂದರು. ಯಜಮಾನರು ಫೋಟೋ ತೆಗೆದರು. ಆ ಫೋಟೋದಲ್ಲಿ ನನ್ನ ಹಲ್ಲು ಅಷ್ಟೂ ಕಾಣಿಸುತ್ತದೆ. ಇಂಜಿನ್ ಆಫ್ ಮಾಡಿದಾಗ ಹತ್ತಲ್ಲ, ಹನ್ನೆರಡು ಹದಿಮೂರು ನಿಮಿಷವಾಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಇನ್ನೂ ನಾಚಿಕೆಯಾಗುತ್ತದೆ. ಬ್ಯಾಟರಿಯ ವೈರನ್ನು ಮತ್ತೆ ಬಿಚ್ಚಿದೆ. ತುದಿಗೆ ಅದೇ ಬಟ್ಟೆಯನ್ನು, ಅದೇ ರೀತಿ ಸುತ್ತಿದೆ. ನಿಂಬೆಹಣ್ಣಿನ ಸಿಪ್ಪೆ ಗುಡಿಸಿ ಹಾಕಿದೆ. ಪಾನಾವನ್ನು ಹಿಂದಿರುಗಿಸಿದರೆ ಎಲ್ಲಿ ಸಿಕ್ಕಿತು, ಯಾಕೆ ಬಾನೆಟ್ ಎತ್ತಿದ್ರಿ ಅಂತ ಕೇಳುತ್ತಾರೆ ಅನ್ನಿಸಿ ಅಡುಗೆಮನೆಯ ಡ್ರಾಯರಿನಲ್ಲಿ, ಕೈ ಒರೆಸುವ ಬಟ್ಟೆಗಳ ಕೆಳಗೆ ಇಟ್ಟೆ. ನನ್ನ ತರಗತಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಅಳಿಸಿದ ಮಗು ಒಂದೂ ಇರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮೇಸ್ತ್ರಿ ಒಗೆದ ಷರಟು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದರು. ಅಕ್ಕಪಕ್ಕದವರೆಲ್ಲ ಜಂಬೂಸವಾರಿಗೆ ಜಾಗ ಹಿಡಿಯಲು ಹೋಗಿ ರಸ್ತೆ ಖಾಲಿಯಾಗಿತ್ತು. ರೇಡಿಯೇಟರಿನ ಮುಂದೆ ನಮ್ಮ ಮನೆಯ ಟೇಬಲ್ ಫ್ಯಾನ್ ಇಡಿಸಿದರು. ನಾನು ಕೀ ತಿರುಗಿಸಿದೆ, ಅವರು ಕಾರ್ಬುರೇಟರಿನ ಹತ್ತಿರ ನಿಂತು ಕೈಯಲ್ಲೇ ರೇಸ್ ಹಿಡಿದರು. ಇಡೀ ಪೋರ್ಟಿಕೋ ಗುಯ್‌ಗುಟ್ಟಿತು. ಇನ್ನೊಂದು ಕೈಯ ವಾಚನ್ನು ನೋಡುತ್ತಾ ಒಂದೇ ಸಮ ನಿಂತಿದ್ದರು. ಏಳೆಂಟು ನಿಮಿಷವಾದ ಮೇಲೆ ಆ ಸದ್ದಿನೊಳಗಿನಿಂದ ಟಿಕ್ ಟಿಕ್ ಅಂತ ಇನ್ನೊಂದು ಸದ್ದು ಶುರುವಾಯಿತು. ಮೇಸ್ತ್ರಿಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

ಇಪ್ಪತ್ತು ನಿಮಿಷ ಮುಗಿಸಿದರು. ರೇಸ್ ಇಳಿಸಿದಾಗ ಇಂಜಿನ್ ಕುಂಟತೊಡಗಿತು. ಮೇಲಿನ ಮುಚ್ಚಳ ತೆಗೆದು ಮತ್ತೆ ಸ್ಟಾರ್ಟ್ ಮಾಡಿಸಿದರು. ಏಳು ವಾಲ್ವುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು, ಹಿಂದಿನಿಂದ ಎರಡನೆಯದು ಅರ್ಧಕ್ಕೇ ನಿಲ್ಲುತ್ತಿತ್ತು. ಅದರ ಉಬ್ಬು ತಿಂದುಹೋಗಿದೆ ಅಂತ ನನಗೂ ಗೊತ್ತಾಯಿತು. ಮೇಸ್ತ್ರಿ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. ಬಲಗೈಯ ತೋರುಬೆರಳನ್ನೇ ನೋಡಿಕೊಂಡರು. ಆಮೇಲೆ ಕೇಳಿದರು:

"ಗ್ರೀಸ್ ಎಂಟಕ್ಕೂ ಹಚ್ಚಿದ್ನಾ ಟೀಚ್ರಮ್ಮ? ಒಂದ್ ಬುಟ್ಬುಟ್ನಾ? ನೀವು ಅಲ್ಲೇ ಕೂತಿದ್ರಲ್ಲ."

ಎಂಟಕ್ಕೂ ಹಚ್ಚಿದ್ರಿ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಹಾಗಂದರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತೆ ಹೇಗೆ ತಿಂದುಹೋಯಿತು? ಆ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರ ಇದ್ದದ್ದು.

"ನಾನು ಸರಿಯಾಗಿ ನೋಡ್ಲಿಲ್ಲ ಮೇಸ್ತ್ರಿ," ಅಂದೆ.

ಬಾಗಿಲಲ್ಲಿ ನಿಂತಿದ್ದ ಯಜಮಾನರು ನನ್ನನ್ನೇ ದುರುಗುಟ್ಟಿ ನೋಡಿದರು. ಮೇಸ್ತ್ರಿ ತಲೆಯಾಡಿಸಿದರು, ಏನನ್ನೋ ಒಪ್ಪಿಕೊಂಡವರ ಹಾಗೆ. ಕೈ ಹೋಯಿತು ಅಂತ ಮೆಲ್ಲಗೆ ಅಂದುಕೊಂಡು ಸಾಮಾನು ಜೋಡಿಸತೊಡಗಿದರು. ಬೆಳಿಗ್ಗೆಯಷ್ಟೇ ದೇವರ ಮುಂದಿನಿಂದ ಎತ್ತಿದ ಪಾನಾಗಳು, ಒಂದೊಂದರ ಮೇಲೂ ಕುಂಕುಮದ ಚುಕ್ಕೆ ಇನ್ನೂ ಇತ್ತು.

ಅವರು ಹೋದ ಮೇಲೆ ಯಜಮಾನರು, ಈಗಲೇ ಹೋಗಿ ಹೇಳಿಬಿಡು ಅಂದರು. ನೀವು ಸುಮ್ಮನಿರಿ, ನಿಮಗೇನು ಗೊತ್ತು ಇಂಜಿನ್ನಿನ ವಿಷಯ ಅಂತ ರೇಗಿದೆ. ಹದಿಮೂರು ನಿಮಿಷಕ್ಕೆ ಕಬ್ಬಿಣ ಸವೆಯುತ್ತದೆಯೇ, ತರಿಸಿದ ಮಾಲೇ ಸರಿಯಿರಲಿಲ್ಲವೇನೋ, ನಿಜವಾಗಲೂ ಅವರ ಕೈಯೇ ತಪ್ಪಿರಬಹುದು ಅಂತ ಏನೇನೋ ವಾದ ಹೂಡಿದೆ. ಅವರು ಪೇಪರು ಬಿಡಿಸಿಕೊಂಡು ಓದತೊಡಗಿದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ನನ್ನ ಮೇಲಿನದು ಅಂತ ಈಗ ಗೊತ್ತಾಗುತ್ತದೆ.

ಹತ್ತು ಹನ್ನೆರಡು ದಿನಕ್ಕೆ ಮೇಸ್ತ್ರಿ ಇನ್ನೊಂದು ಕ್ಯಾಮ್ ಹುಡುಕಿ ತಂದರು. ಜೊತೆಗೆ ಬೇರೊಬ್ಬ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದಿದ್ದರು, ನಲವತ್ತು ವರ್ಷದ ಗಟ್ಟಿ ಆಳು. ಇಂಜಿನ್ ಇಳಿಸಿದ್ದು, ಒಳಗೆಲ್ಲ ತೊಳೆದದ್ದು, ಕ್ಯಾಮ್ ಕೂರಿಸಿದ್ದು, ಹತ್ತಿಸಿದ್ದು ಎಲ್ಲ ಅವನೇ. ಮೇಸ್ತ್ರಿ ಎರಡು ದಿನವೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಗ್ರೀಸ್ ಹಚ್ಚುವಾಗ ಮಾತ್ರ ಹತ್ತಿರ ಬಂದು, ಎಣಿಸಪ್ಪ, ಗಟ್ಟಿಯಾಗಿ ಎಣಿಸು ಅಂದರು. ಕೊನೆಗೆ ಸ್ಟಾರ್ಟ್ ಮಾಡುವಾಗ ನನ್ನನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರ್ ಒತ್ತಿ ಹಿಡಿದುಕೊಳ್ಳಿ, ಕಾಲು ಅಲ್ಲಾಡಬಾರದು ಅಂದರು.

ಆ ಇಪ್ಪತ್ತು ನಿಮಿಷ ನನ್ನ ಕಾಲು ಮರಗಟ್ಟಿಹೋಯಿತು. ಮುಂದಿನ ಗಾಜಿನಾಚೆ ಎತ್ತಿದ ಬಾನೆಟ್, ಅದರ ಪಕ್ಕದಲ್ಲಿ ಮೇಸ್ತ್ರಿಯ ಅರ್ಧ ಮುಖ. ಟಿಕ್ ಅನ್ನುವ ಸದ್ದಿಗಾಗಿ ಕಾಯುತ್ತಾ ಕಿವಿ ಆಚೆ ತಿರುಗಿಸಿದ್ದರು. ನಾನು ಒಮ್ಮೆ ಬಾಯಿ ಬಿಟ್ಟು ಹೇಳಿಯೂ ಹೇಳಿದೆ, ಮೇಸ್ತ್ರಿ, ಆವತ್ತು ಪೂಜೆಗೆ ನಾನೇ ಸ್ಟಾರ್ಟ್ ಮಾಡಿದ್ದೆ ಅಂತ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಕೇಳಿಸುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ಇಪ್ಪತ್ತನೇ ನಿಮಿಷಕ್ಕೆ ಕಾಲು ತೆಗೆದಾಗ ಇಂಜಿನ್ ಹದವಾಗಿ, ಒಂದೇ ಲಯದಲ್ಲಿ ನಡೆಯಿತು. ಮೇಸ್ತ್ರಿ ಆ ಮೆಕ್ಯಾನಿಕ್ಕನ ಬೆನ್ನು ತಟ್ಟಿದರು. ನನಗೆ ಹೇಳಿದ್ದು ಇಷ್ಟೇ: ಇನ್ನು ಮುಂದೆ ಗಾಡಿ ಇವನಿಗೇ ತೋರಿಸಿ.

ಅಲ್ಲಿಂದ ಎರಡು ತಿಂಗಳು ಕಾರು ಚೆನ್ನಾಗಿ ಓಡಿತು. ಅದೇ ನನಗೆ ಕಷ್ಟವಾದದ್ದು. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆ ನಯವಾದ ಸದ್ದು ಕೇಳಿ ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡು ನಿಂತದ್ದೇ ನೆನಪಾಗುತ್ತಿತ್ತು. ಪಾನಾವನ್ನು ಡ್ರಾಯರಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಿದ್ದೆ. ಉದಯಗಿರಿಯ ಕಡೆ ಮೂರು ಸಲ ಹೋಗಿ, ಅಂಗಡಿಯ ಹತ್ತಿರದ ತಿರುವಿನಲ್ಲೇ ವಾಪಸ್ ಬಂದೆ. ಏನು ದೊಡ್ಡ ಮನುಷ್ಯಳು ನಾನು! ಹನ್ನೆರಡು ವರ್ಷದ ಮಕ್ಕಳನ್ನು ನಲವತ್ತು ಜನರ ಮುಂದೆ ಎದ್ದು ನಿಲ್ಲಿಸಿದವಳಿಗೆ ಒಂದು ಗಲ್ಲಿ ದಾಟುವುದಕ್ಕೆ ಧೈರ್ಯ ಸಾಲಲಿಲ್ಲ.

ನಾಲ್ಕನೇ ಸಲ ಹೋದಾಗ ಅಂಗಡಿಯ ಶಟರಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಯಾರೋ ಮೊಬೈಲ್ ರಿಪೇರಿಯವರು ತಗೊಂಡಿದ್ದಾರಂತೆ. ಕಾರನ್ನು ಅಲ್ಲೇ ಬಿಟ್ಟು ಹಿಂದಿನ ಗಲ್ಲಿಗೆ ನಡೆದೆ.

ಮೇಸ್ತ್ರಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಬನ್ನಿ ಟೀಚ್ರಮ್ಮ, ಗಾಡಿ ಎಂಗದೆ ಅಂತ ಕೇಳಿದರು. ಕೂತುಕೊಂಡೆ. ಕೂತರೆ ಮತ್ತೆ ಹೇಳಲಾರೆ ಅನ್ನಿಸಿತು, ಎದ್ದೆ.

"ಮೇಸ್ತ್ರಿ, ನೀವು ಎಂಟಕ್ಕೂ ಹಚ್ಚಿದ್ರಿ. ನಾನು ಎಣಿಸಿದ್ದೆ. ಪೂಜೆ ದಿನ ನಾನೇ ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಟ್ಟಿದ್ದೆ, ಹದಿಮೂರು ನಿಮಿಷ. ಆಮೇಲೆ ನೋಡ್ಲಿಲ್ಲ ಅಂತ ಸುಳ್ಳು ಹೇಳ್ದೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತಲೇ ಕಾಯುತ್ತಿದ್ದೆ. ಅವರು ಕೈಯಲ್ಲಿದ್ದ ಅವರೆಕಾಯಿಯನ್ನು ಮೊರದಲ್ಲಿ ಇಟ್ಟರು. ಮುಖ ನಿಧಾನವಾಗಿ ಅರಳಿತು.

"ಎಂಟಕ್ಕೂ?" ಅಂದರು.

"ಎಂಟಕ್ಕೂ."

"ಒಂದೂ ಬುಟ್ಟಿರ್ಲಿಲ್ವಾ?"

"ಒಂದೂ ಇಲ್ಲ ಮೇಸ್ತ್ರಿ."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಟೀಚ್ರಮ್ಮ ಅದೇನೋ ಹೇಳ್ತಾರೆ ಕೇಳು, ಇನ್ನೊಂದ್ಸಲ ಹೇಳಿ ಅಂತ ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಾ ಕೂತರು. ನಾನು ನಿಂತೇ ಇದ್ದೆ. ಮೊದಲಿನಿಂದ ಮತ್ತೆ ಹೇಳಿದೆ: ಎಂಟು ಉಬ್ಬು, ಪೂಜೆ, ಪಾನಾ, ಬ್ಯಾಟರಿಯ ವೈರಿಗೆ ಸುತ್ತಿದ ಬಟ್ಟೆ, ಸುಳ್ಳು. ಮೇಸ್ತ್ರಿ ಪ್ರತಿ ಮಾತಿಗೂ, ಕೇಳಿದ್ಯಾ, ಕೇಳಿದ್ಯಾ ಅಂತ ಹೆಂಡತಿಯ ಕಡೆ ನೋಡುತ್ತಿದ್ದರು.

ಆಕೆ ನನ್ನ ಕಡೆ ತಿರುಗಿದರು. "ಸಾಕ್ಷಿ ನೀವೇ ಆಗಿದ್ರಲ್ಲ ಟೀಚ್ರಮ್ಮ," ಅಂದರು. ಹಾಗಂದು ಒಳಗೆ ಹೋದರು.

ಕೈಚೀಲದಿಂದ ಹತ್ತು-ಹನ್ನೊಂದರ ಪಾನಾ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟೆ. ಅಂಗಡಿ ಹೋದರೆ ಹೋಗಲಿ, ನಮ್ಮ ಪೋರ್ಟಿಕೋದಲ್ಲೇ ಕೆಲಸ ಮಾಡಿ, ನಾನು ನಿಮ್ಮ ಹೆಂಡತಿಯ ಕಾಲು ಹಿಡಿದು ಕೇಳುತ್ತೇನೆ, ನಿಮ್ಮ ಸಾಮಾನು ಎಲ್ಲಿದೆ ಹೇಳಿ ಅಂತ ಒಂದೇ ಉಸಿರಿಗೆ ಏನೇನೋ ಅಂದೆ. ಮೇಸ್ತ್ರಿ ಪಾನಾವನ್ನು ಹೊರಳಿಸಿ ಹೊರಳಿಸಿ ನೋಡಿ, ಪಂಚೆಯ ಅಂಚಿನಿಂದ ಒರೆಸಿದರು.

"ನಿಮ್ ಇಂಜಿನ್ ಕಟ್ಟಿದ್ನಲ್ಲ, ಪೆಟ್ಗೆ ಸಮೇತ ಅವನಿಗೇ ಕೊಟ್ಬುಟ್ಟೆ ಕಣಮ್ಮ, ಓದ್ ಶುಕ್ರವಾರ," ಅಂದರು. "ಕೊಟ್ಟಿದ್ದನ್ನ ವಾಪಸ್ ಕೇಳಕಾಯ್ತದಾ? ಬುಡಿ."

ಹಾಗಂದರೂ ಅವರ ಮುಖದ ಮೇಲಿನ ನಗು ಇಳಿದಿರಲಿಲ್ಲ. ಎಂಟಕ್ಕೂ ಹಚ್ಚಿದ್ದೆ ಅಂತ ಇನ್ನೊಮ್ಮೆ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಪಾನಾ ಇಡಲು ಅಭ್ಯಾಸದ ಮೇಲೆ ಬಲಗಡೆ ಕೈ ನೀಡಿದರು. ಅಲ್ಲಿ ಪೆಟ್ಟಿಗೆ ಇರಲಿಲ್ಲ. ಪಾನಾವನ್ನು ಮೊರದಲ್ಲಿದ್ದ ಅವರೆಕಾಯಿಯ ಪಕ್ಕದಲ್ಲಿ ಇಟ್ಟರು.